ಜಿಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ಸ್ನಾತಕೋತ್ತರ ಓದು: ಅರ್ಜಿಗೂ ಮೊದಲಿನಿಂದ ಥೀಸಿಸ್ ಮುಗಿಯುವ ತನಕ

"ಬಿಎಸ್ಸಿ ಜಿಯಾಗ್ರಫಿ ಮಾಡಿದ್ದೇನೆ, ಜಿಐಎಸ್ ಓದಬಹುದಾ?" "ಸಿವಿಲ್ ಇಂಜಿನಿಯರಿಂಗ್ ಆಗಿದೆ, ಎಂಟೆಕ್ ಎಲ್ಲಿ ಒಳ್ಳೆಯದು?" "ಕೋಡಿಂಗ್ ಬರಲ್ಲ, ನಡೆಯುತ್ತಾ?" "ಜರ್ಮನಿಯಲ್ಲಿ ಫೀಸೇ ಇಲ್ಲವಂತೆ, ನಿಜಾನಾ?" ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇವೇ ನಾಲ್ಕು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಂತ ಹಂತವಾಗಿ ಬರೆದಿದ್ದೇನೆ. ಡಿಗ್ರಿಯ ಕೊನೆಯ ವರ್ಷದಲ್ಲಿ ಇರುವವರನ್ನೂ, ಡಿಗ್ರಿ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿದವರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಕಾಲೇಜಿಗೂ ಅರ್ಜಿ ಹಾಕುವ ಮೊದಲು ನಿಮ್ಮ ಸ್ವಂತ ತಾಲ್ಲೂಕಿನ ಒಂದು ನಕ್ಷೆಯನ್ನು ನೀವೇ ಮಾಡಿ. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಉಚಿತ, ಉಪಗ್ರಹ ಚಿತ್ರಗಳೂ ಉಚಿತ. ಈ ಓದು ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಅನ್ನುವುದು ಆ ಒಂದು ನಕ್ಷೆಯಲ್ಲೇ ಗೊತ್ತಾಗುತ್ತದೆ. ಮುಂದಿನ ಹಂತಗಳೂ ಅದರಿಂದ ಸುಲಭವಾಗುತ್ತವೆ.

ಹಂತ 1: ಇದರಲ್ಲಿ ಏನೇನು ಇದೆ ಅಂತ ತಿಳಿದುಕೊಳ್ಳಿ

ಜಿಯೋಇನ್ಫರ್ಮ್ಯಾಟಿಕ್ಸ್ ಅಂದರೆ ಭೂಮಿಯ ಮೇಲೆ ಜಾಗ ಗುರುತಿಸಬಹುದಾದ ಮಾಹಿತಿಯನ್ನು ಸಂಗ್ರಹಿಸುವುದು, ಜೋಡಿಸುವುದು, ಲೆಕ್ಕ ಹಾಕುವುದು. ಇದರ ಒಳಗೆ ನಾಲ್ಕೈದು ಕವಲುಗಳಿವೆ.

ರಿಮೋಟ್ ಸೆನ್ಸಿಂಗ್ ಅಂದರೆ ದೂರದಿಂದ, ಅಂದರೆ ಉಪಗ್ರಹ, ವಿಮಾನ ಅಥವಾ ಡ್ರೋನ್‌ನಿಂದ ನೆಲವನ್ನು ನೋಡಿ ಮಾಹಿತಿ ತೆಗೆಯುವುದು. ಜಿಐಎಸ್ ಅಂದರೆ ನಕ್ಷೆಯ ಪದರಗಳನ್ನು ಒಂದರ ಮೇಲೊಂದು ಇಟ್ಟು ಪ್ರಶ್ನೆ ಕೇಳುವ ವ್ಯವಸ್ಥೆ. ಈ ಊರಿನ ಯಾವ ಮನೆಗಳು ಕೆರೆ ದಂಡೆಯಿಂದ 30 ಮೀಟರ್ ಒಳಗಿವೆ ಅನ್ನುವಂಥ ಪ್ರಶ್ನೆ. ಜಿಎನ್‌ಎಸ್‌ಎಸ್ ಅಂದರೆ ಉಪಗ್ರಹಗಳ ಸಹಾಯದಿಂದ ನೀವು ನಿಂತ ಜಾಗ ಗುರುತಿಸುವುದು. ನಮ್ಮ ಫೋನಿನ ಜಿಪಿಎಸ್ ಇದರಲ್ಲಿ ಒಂದು, ಇಸ್ರೋದ ನಾವಿಕ್ ಇನ್ನೊಂದು. ಫೋಟೋಗ್ರಾಮೆಟ್ರಿ ಅಂದರೆ ಒಂದೇ ಜಾಗದ ಹಲವು ಫೋಟೋಗಳಿಂದ ಎತ್ತರ ಮತ್ತು ಅಳತೆ ತೆಗೆಯುವುದು. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಊರಿನ ಮನೆ ಜಾಗಗಳನ್ನು ಅಳೆಯುವುದು ಇದೇ ವಿದ್ಯೆಯಿಂದ.

ಕೊನೆಯದು ಜಿಯೋಸ್ಪೇಷಿಯಲ್ ಡೇಟಾ ಅನಾಲಿಸಿಸ್. ಮೇಲಿನ ಎಲ್ಲದರಿಂದ ಬಂದ ಮಾಹಿತಿಗೆ ಅಂಕಿಅಂಶ ಶಾಸ್ತ್ರ ಮತ್ತು ಪ್ರೋಗ್ರಾಮಿಂಗ್ ಹಚ್ಚಿ ಉತ್ತರ ತೆಗೆಯುವುದು. ಇವತ್ತು ಒಳ್ಳೆಯ ಕೆಲಸಗಳು ಜಾಸ್ತಿ ಇರುವುದು ಇಲ್ಲೇ. ಕೋರ್ಸಿನ ಹೆಸರು ಏನೇ ಇರಲಿ, ಈ ಐದರಲ್ಲಿ ಯಾವುದಕ್ಕೆ ಒತ್ತು ಕೊಡುತ್ತಾರೆ ಅಂತ ಸಿಲಬಸ್ ತೆರೆದು ನೋಡಿ.

ಹಂತ 2: ನಿಮ್ಮ ತಾಲ್ಲೂಕಿನ ಕೆರೆಗಳ ನಕ್ಷೆ ಮಾಡಿ

ಈ ಹಂತಕ್ಕೆ ಒಂದು ತಿಂಗಳು ಕೊಡಿ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದ್ದರೆ ಸಾಕು. 16 ಇದ್ದರೆ ಆರಾಮ.

ಮೊದಲು ಕ್ಯೂಜಿಐಎಸ್ ಹಾಕಿಕೊಳ್ಳಿ. ಇದು ಉಚಿತ, ಮುಕ್ತ ಸಾಫ್ಟ್‌ವೇರ್. ಹೊಸ ಆವೃತ್ತಿಯ ಹಿಂದೆ ಹೋಗಬೇಡಿ. ದೀರ್ಘಾವಧಿ ಬೆಂಬಲ ಇರುವ ಆವೃತ್ತಿ ಅಂತ ಅವರ ತಾಣದಲ್ಲೇ ಬೇರೆ ಇಟ್ಟಿರುತ್ತಾರೆ, ಅದನ್ನೇ ಇಳಿಸಿ. ತಾಲ್ಲೂಕು ಮತ್ತು ಹಳ್ಳಿಗಳ ಗಡಿ ಕರ್ನಾಟಕದ ಕೆ-ಜಿಐಎಸ್ ತಾಣದಲ್ಲಿ ಸಿಗುತ್ತದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ನಡೆಸುವ ತಾಣ ಅದು. ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಬಳಸಿದ್ದೀರಲ್ವಾ? ಅದನ್ನು ಮಾಡಿದ್ದೂ ಇವರೇ.

ಉಪಗ್ರಹ ಚಿತ್ರಕ್ಕೆ ಯುರೋಪಿನ ಸೆಂಟಿನೆಲ್-2 ಬಳಸಿ. ಕೋಪರ್ನಿಕಸ್ ಬ್ರೌಸರ್‌ನಲ್ಲಿ ಖಾತೆ ತೆರೆದರೆ ಉಚಿತವಾಗಿ ಸಿಗುತ್ತದೆ. ಭಾರತದ ಉಪಗ್ರಹಗಳ ಚಿತ್ರಗಳು ಬೇಕಿದ್ದರೆ ಇಸ್ರೋದ ಹೈದರಾಬಾದ್ ಕೇಂದ್ರವಾದ ಎನ್‌ಆರ್‌ಎಸ್‌ಸಿಯ ಭೂನಿಧಿ ತಾಣ ನೋಡಿ. ಸೆಂಟಿನೆಲ್-2ರ ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚೌಕ, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ ಸುಮಾರು 101 ಚದರ ಮೀಟರ್. ಹಾಗಾಗಿ ಒಂದು ಪಿಕ್ಸೆಲ್ ಹೆಚ್ಚುಕಡಿಮೆ ಒಂದು ಗುಂಟೆ, ಒಂದು ಎಕರೆಗೆ ಸುಮಾರು 40 ಪಿಕ್ಸೆಲ್. ಇದೇ ಲೆಕ್ಕದಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ ಸುಮಾರು ಒಂಬತ್ತು ಗುಂಟೆ. ಈ ಅಂದಾಜು ತಲೆಯಲ್ಲಿ ಇದ್ದರೆ ಯಾವ ಉಪಗ್ರಹದಿಂದ ಏನು ಕಾಣುತ್ತದೆ ಅಂತ ಥಟ್ ಅಂತ ಹೇಳಬಹುದು. ಎರಡು ಗುಂಟೆಯ ಕೃಷಿ ಹೊಂಡವನ್ನು ಲ್ಯಾಂಡ್‌ಸ್ಯಾಟ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಎರಡು ಚಿತ್ರ ಇಳಿಸಿ. ಮಳೆಗಾಲ ಮುಗಿದ ಮೇಲೆ ನವೆಂಬರ್ ಅಥವಾ ಡಿಸೆಂಬರ್‌ನದ್ದು ಒಂದು, ಏಪ್ರಿಲ್‌ನದ್ದು ಒಂದು. ಮೋಡ ಶೇಕಡಾ 10ಕ್ಕಿಂತ ಕಡಿಮೆ ಇರಲಿ. 'ಎಲ್2ಎ' ಅಂತ ಗುರುತು ಇರುವುದನ್ನೇ ತೆಗೆದುಕೊಳ್ಳಿ. ಗಾಳಿಯಲ್ಲಿನ ಧೂಳು, ತೇವಾಂಶದ ಪರಿಣಾಮವನ್ನು ಅದರಲ್ಲಿ ಸರಿಪಡಿಸಿರುತ್ತಾರೆ.

ಈಗ ನೀರನ್ನು ಗುರುತಿಸಬೇಕು. ನೀರು ಹಸಿರು ಬೆಳಕನ್ನು ಸ್ವಲ್ಪ ಹಿಂದಕ್ಕೆ ಕಳಿಸುತ್ತದೆ. ನಮ್ಮ ಕಣ್ಣಿಗೆ ಕಾಣದ ಸಮೀಪದ ಅವಗೆಂಪು ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಹಸಿರಿನಿಂದ ಅವಗೆಂಪನ್ನು ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಎನ್‌ಡಿಡಬ್ಲ್ಯುಐ ಅನ್ನುತ್ತಾರೆ. ಒಂದೊಂದು ಬಗೆಯ ಬೆಳಕಿಗೆ ಇರುವ ಬೇರೆ ಬೇರೆ ಪದರಕ್ಕೆ ಬ್ಯಾಂಡ್ ಅನ್ನುತ್ತಾರೆ. ಸೆಂಟಿನೆಲ್-2ರಲ್ಲಿ ಹಸಿರಿನ 3ನೇ ಬ್ಯಾಂಡ್ ಮತ್ತು ಅವಗೆಂಪಿನ 8ನೇ ಬ್ಯಾಂಡ್ ಸಾಕು. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದೇ ಸಾಲಿನ ಸೂತ್ರ. ಉತ್ತರ ಸೊನ್ನೆಗಿಂತ ಜಾಸ್ತಿ ಬಂದ ಕಡೆ ಸಾಮಾನ್ಯವಾಗಿ ನೀರಿರುತ್ತದೆ.

'ಸಾಮಾನ್ಯವಾಗಿ' ಅಂದೆ. ಬೆಂಗಳೂರಿನ ಬೆಳ್ಳಂದೂರು ಕೆರೆ ಕಳೆ ತುಂಬಿಕೊಂಡಿದ್ದ ಕಾಲದ ಚಿತ್ರ ತೆಗೆದು ಇದೇ ಲೆಕ್ಕ ಮಾಡಿ ನೋಡಿ. ಕಳೆ ಮುಚ್ಚಿದ ಭಾಗದಲ್ಲಿ ನೀರೇ ಇಲ್ಲ ಅನ್ನುತ್ತದೆ, ಯಾಕೆಂದರೆ ಉಪಗ್ರಹ ನೋಡುವುದು ಮೇಲಿನ ಎಲೆಗಳನ್ನು. ಅದಕ್ಕೇ ನಕ್ಷೆ ಆದ ಮೇಲೆ ಫೋನ್ ಹಿಡಿದು ನಾಲ್ಕೈದು ಕೆರೆಗೆ ಹೋಗಿ ಬನ್ನಿ. ನಕ್ಷೆಯಲ್ಲಿ ನೀರು ಅಂತ ಬಂದ ಜಾಗದಲ್ಲಿ ನಿಜಕ್ಕೂ ನೀರಿದೆಯಾ, ಒಣಗಿದೆ ಅಂತ ಬಂದದ್ದು ಜೊಂಡು ಬೆಳೆದ ಕೆರೆಯಾ, ಬರೆದುಕೊಳ್ಳಿ. ನೆಲದ ಮೇಲೆ ಹೋಗಿ ತಾಳೆ ನೋಡುವ ಈ ಕೆಲಸಕ್ಕೆ ಗ್ರೌಂಡ್ ಟ್ರೂತ್ ಅನ್ನುತ್ತಾರೆ. ಕಂಪ್ಯೂಟರ್ ಮುಂದೆ ಕೂರುವುದಷ್ಟೇ ಇಷ್ಟ, ಬಿಸಿಲಿಗೆ ಹೋಗುವುದು ಬೇಡ ಅನ್ನಿಸಿದರೆ ಅದೂ ಈಗಲೇ ತಿಳಿಯಲಿ.

ಹಳೆಯ ಮತ್ತು ಹೊಸ ಚಿತ್ರ ಹೋಲಿಸುವವರಿಗೆ ಒಂದು ಎಚ್ಚರಿಕೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಹೊಸ ಚಿತ್ರಗಳಲ್ಲಿ ಪಿಕ್ಸೆಲ್ ಸಂಖ್ಯೆಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ಅದನ್ನು ಕಳೆಯದೆ 2019 ಮತ್ತು 2023ನ್ನು ಹೋಲಿಸಿದರೆ ಇಲ್ಲದ ಬದಲಾವಣೆ ಕಾಣುತ್ತದೆ. ಗೂಗಲ್ ಅರ್ಥ್ ಎಂಜಿನ್ ಬಳಸುವುದಾದರೆ ಹಾರ್ಮನೈಸ್ಡ್ ಅಂತ ಹೆಸರಿರುವ ಸಂಗ್ರಹ ಆರಿಸಿ, ಈ ತೊಂದರೆ ಇರುವುದಿಲ್ಲ. ಅರ್ಥ್ ಎಂಜಿನ್ ಓದಿಗೆ, ಸಂಶೋಧನೆಗೆ ಉಚಿತ. ಚಿತ್ರ ಇಳಿಸಿಕೊಳ್ಳದೆ ಅವರ ಕಂಪ್ಯೂಟರ್‌ನಲ್ಲೇ ಲೆಕ್ಕ ಮಾಡಬಹುದು. ನೆಟ್ ನಿಧಾನ ಇರುವ ಊರುಗಳಲ್ಲಿ ಇದು ದೊಡ್ಡ ಅನುಕೂಲ.

ಹಂತ 3: ಎಂಎಸ್ಸಿಯೋ, ಎಂಟೆಕ್ಕೋ, ಡಿಪ್ಲೊಮಾವೋ

ಎಂಎಸ್ಸಿಗೆ ಮೂರು ವರ್ಷದ ಡಿಗ್ರಿ ಸಾಕು. ಜಿಯಾಗ್ರಫಿ, ಜಿಯಾಲಜಿ, ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್, ಕೃಷಿ, ಪರಿಸರ ವಿಜ್ಞಾನ ಓದಿದವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಬಿಎ ಜಿಯಾಗ್ರಫಿಯವರಿಗೆ ಕೆಲವು ಕಡೆ ಅವಕಾಶ ಇದೆ, ಕೆಲವು ಕಡೆ ಇಲ್ಲ. ಪ್ರಕಟಣೆಯಲ್ಲಿ ಅರ್ಹತೆಯ ಸಾಲನ್ನು ಪೂರ್ತಿ ಓದಿ. ಎಂಟೆಕ್‌ಗೆ ಬಿಇ ಬೇಕು, ಅಥವಾ ಸಂಬಂಧಪಟ್ಟ ಎಂಎಸ್ಸಿ. ಪಿಜಿ ಡಿಪ್ಲೊಮಾ ಒಂದು ವರ್ಷದ್ದು. ಈಗಾಗಲೇ ಅರಣ್ಯ, ಕೃಷಿ, ನೀರಾವರಿ ಇಲಾಖೆಯಲ್ಲಿ ಇರುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಹೊಸಬರು ಅದರಿಂದಲೇ ಒಳ್ಳೆಯ ಕೆಲಸ ಸಿಗುತ್ತದೆ ಅಂತ ನಂಬಿಕೊಳ್ಳುವುದು ಬೇಡ.

ಗಣಿತದ ಭಯ ಇರುವವರಿಗೆ ಒಂದು ಮಾತು. ಪಿಯುಸಿ ಮಟ್ಟದ ತ್ರಿಕೋನಮಿತಿ, ಮ್ಯಾಟ್ರಿಕ್ಸ್, ಸಂಭವನೀಯತೆ ಇಷ್ಟನ್ನು ಮತ್ತೆ ಓದಿಕೊಂಡರೆ ಎಂಎಸ್ಸಿ ನಡೆಯುತ್ತದೆ. ಕೋಡಿಂಗ್ ಬರದಿದ್ದರೂ ಸೇರಬಹುದು. ಆದರೆ ಕಲಿಯದೆ ಹೊರಗೆ ಬರಬೇಡಿ. ಪೈಥಾನ್ ಒಂದು ಭಾಷೆ ಸಾಕು.

ಹಂತ 4: ಎಲ್ಲಿ ಓದುವುದು

ಮೊದಲು ನಮ್ಮ ರಾಜ್ಯ. ದೂರ ಸಂವೇದಿ ಅನ್ವಯಿಕ ಕೇಂದ್ರ ವಿಟಿಯು ಜೊತೆ ಸೇರಿ ಜಿಯೋಇನ್ಫರ್ಮ್ಯಾಟಿಕ್ಸ್ ಎಂಟೆಕ್ ನಡೆಸುತ್ತದೆ. ಸರ್ಕಾರದ ನಿಜವಾದ ಪ್ರಾಜೆಕ್ಟ್‌ಗಳ ಪಕ್ಕದಲ್ಲೇ ಕೂತು ಕಲಿಯಬಹುದು ಅನ್ನುವುದು ಅಲ್ಲಿನ ದೊಡ್ಡ ಲಾಭ. ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಜಿಯೋಇನ್ಫರ್ಮ್ಯಾಟಿಕ್ಸ್ ಎಂಎಸ್ಸಿ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಜಿಯಾಗ್ರಫಿ ವಿಭಾಗದಲ್ಲೂ ಈ ವಿಷಯ ಕಲಿಸುತ್ತಾರೆ.

ರಾಜ್ಯದ ಹೊರಗೆ ಮೊದಲು ಬರುವ ಹೆಸರು ಡೆಹ್ರಾಡೂನ್‌ನ ಐಐಆರ್‌ಎಸ್. 1966ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಟಿಸಿ ಸಂಸ್ಥೆಯ ನೆರವಿನಿಂದ ವೈಮಾನಿಕ ಚಿತ್ರ ಓದುವುದನ್ನು ಕಲಿಸುವ ಸಂಸ್ಥೆಯಾಗಿ ಶುರುವಾಯಿತು, ಈಗ ಇಸ್ರೋದ ಭಾಗ. ಅಲ್ಲಿನ ಎಂಟೆಕ್ ಪದವಿಯನ್ನು ಆಂಧ್ರ ವಿಶ್ವವಿದ್ಯಾಲಯ ಕೊಡುತ್ತದೆ. ಕಾಡು, ನೀರು, ಕೃಷಿ, ನಗರ, ಭೂವಿಜ್ಞಾನ ಅಂತ ಬೇರೆ ಬೇರೆ ವಿಶೇಷ ವಿಷಯ ಆರಿಸಬಹುದು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಐಐಆರ್‌ಎಸ್ ಉಚಿತ ಆನ್‌ಲೈನ್ ಕೋರ್ಸುಗಳನ್ನು ನಡೆಸುತ್ತದೆ, ಪ್ರಮಾಣಪತ್ರವನ್ನೂ ಕೊಡುತ್ತದೆ. ಎರಡನೇ ಹಂತದ ನಕ್ಷೆ ಮಾಡುತ್ತಲೇ ಇಂಥದ್ದೊಂದನ್ನು ಮುಗಿಸಿ.

ಐಐಟಿಗಳಲ್ಲಿ ಬಾಂಬೆಯ ಸಿಎಸ್‌ಆರ್‌ಇ ಕೇಂದ್ರ, ಕಾನ್ಪುರ ಮತ್ತು ರೂರ್ಕಿಯ ಸಿವಿಲ್ ವಿಭಾಗಗಳು ಈ ವಿಷಯಕ್ಕೆ ಹೆಸರಾದವು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ರಿಮೋಟ್ ಸೆನ್ಸಿಂಗ್‌ಗೇ ಒಂದು ಸಂಸ್ಥೆ ಇದೆ. ಪುಣೆಯ ಸಿಂಬಯೋಸಿಸ್ ಖಾಸಗಿ, ಫೀಸ್ ಸರ್ಕಾರಿ ಕಾಲೇಜಿಗಿಂತ ಜಾಸ್ತಿ.

ಕಾಲೇಜು ಆರಿಸುವಾಗ ಹೆಸರಿಗಿಂತ ಮೂರು ವಿಷಯ ನೋಡಿ ಅನ್ನುವುದು ನನ್ನ ಸಲಹೆ. ಕಾಯಂ ಅಧ್ಯಾಪಕರು ಎಷ್ಟು ಜನ, ಅವರು ಕಳೆದ ಮೂರು ವರ್ಷದಲ್ಲಿ ಏನು ಬರೆದಿದ್ದಾರೆ. ಸಿಲಬಸ್‌ನಲ್ಲಿ ಪ್ರೋಗ್ರಾಮಿಂಗ್ ಮತ್ತು ಅಂಕಿಅಂಶ ಕಡ್ಡಾಯವಾ, ಐಚ್ಛಿಕವಾ. ಹಿಂದಿನ ಬ್ಯಾಚಿನ ಥೀಸಿಸ್‌ಗಳ ಹೆಸರುಗಳು ಏನು. ವರ್ಷ ವರ್ಷವೂ ಜಿಲ್ಲೆಯ ಹೆಸರು ಮಾತ್ರ ಬದಲಾಗಿ ಅದೇ ಭೂಬಳಕೆ ನಕ್ಷೆ ಬರುತ್ತಿದ್ದರೆ ಅಲ್ಲಿ ಹೊಸದೇನೂ ನಡೆಯುತ್ತಿಲ್ಲ ಅಂತ ಅರ್ಥ. ಸೇರುವ ಮೊದಲು ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರ ಜೊತೆಯಾದರೂ ಮಾತಾಡಿ.

ಹಂತ 5: ಪ್ರವೇಶ ಪರೀಕ್ಷೆ

ಎಂಟೆಕ್ ಬಯಸುವವರಿಗೆ ಗೇಟ್ ಪರೀಕ್ಷೆಯೇ ಮುಖ್ಯ ದಾರಿ. 2022ರಿಂದ ಅದರಲ್ಲಿ ಜಿಯೋಮ್ಯಾಟಿಕ್ಸ್ ಇಂಜಿನಿಯರಿಂಗ್ ಅನ್ನುವ ಬೇರೆ ಪತ್ರಿಕೆ ಬಂದಿದೆ. ಅದಕ್ಕೂ ಮೊದಲು ನಮ್ಮವರು ಸಿವಿಲ್ ಅಥವಾ ಜಿಯಾಲಜಿ ಪತ್ರಿಕೆ ಬರೆಯಬೇಕಿತ್ತು. ಮೂರು ಗಂಟೆ, 100 ಅಂಕ, ಅದರಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ. ಗಣಿತ, ರಿಮೋಟ್ ಸೆನ್ಸಿಂಗ್, ಜಿಎನ್‌ಎಸ್‌ಎಸ್, ಜಿಐಎಸ್ ಎಲ್ಲರಿಗೂ. ಆಮೇಲೆ ಸರ್ವೇಯಿಂಗ್ ಅಥವಾ ಇಮೇಜ್ ಪ್ರೊಸೆಸಿಂಗ್, ಎರಡರಲ್ಲಿ ಒಂದು ಭಾಗ ಆರಿಸಬಹುದು. ಸಿವಿಲ್‌ನವರಿಗೆ ಮೊದಲನೆಯದು, ಉಳಿದವರಿಗೆ ಎರಡನೆಯದು ಹತ್ತಿರ. ಅರ್ಜಿ ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ ಶುರು, ಪರೀಕ್ಷೆ ಫೆಬ್ರವರಿಯಲ್ಲಿ. ಬಂದ ಅಂಕ ಮೂರು ವರ್ಷ ನಡೆಯುತ್ತದೆ.

ಇಲ್ಲಿ ಹಲವರು ಎಡವುವುದು ಒಂದೇ ಕಡೆ. ಪ್ರತಿ ಐಐಟಿ, ಎನ್‌ಐಟಿ ಯಾವ ಗೇಟ್ ಪತ್ರಿಕೆಯನ್ನು ಒಪ್ಪುತ್ತದೆ ಅಂತ ಬೇರೆ ಬೇರೆ ಪಟ್ಟಿ ಹಾಕಿರುತ್ತದೆ. ಪತ್ರಿಕೆ ಆರಿಸುವ ಮೊದಲು ನಿಮ್ಮ ಮನಸ್ಸಿನಲ್ಲಿರುವ ಕಾಲೇಜುಗಳ ಪಟ್ಟಿ ನೋಡಿ, ಪರೀಕ್ಷೆ ಮುಗಿದ ಮೇಲಲ್ಲ. ಗೇಟ್ ಅರ್ಹತೆಯೊಂದಿಗೆ ಎಐಸಿಟಿಇ ಮಾನ್ಯತೆ ಇರುವ ಎಂಟೆಕ್‌ಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಗೇಟ್ ಇಲ್ಲದವರಿಗೆ ರಾಜ್ಯದಲ್ಲಿ ಕೆಇಎ ನಡೆಸುವ ಪಿಜಿಸಿಇಟಿ ಇದೆ.

ಎಂಎಸ್ಸಿಗೆ ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯನ್ನೇ ಕಾಯಬೇಕು.

ಹಂತ 6: ವಿದೇಶಕ್ಕೆ ಹೋಗುವುದಾದರೆ

ನೆದರ್‌ಲ್ಯಾಂಡ್ಸ್‌ನ ಎನ್‌ಶೆಡೆ ಊರಿನ ಐಟಿಸಿ 1950ರಲ್ಲಿ ಶುರುವಾದದ್ದು. 2010ರಿಂದ ಟ್ವೆಂಟೆ ವಿಶ್ವವಿದ್ಯಾಲಯದ ಒಂದು ವಿಭಾಗ. ಈ ಒಂದು ವಿದ್ಯೆಗೇ ಮೀಸಲಾದ ಅಷ್ಟು ದೊಡ್ಡ ಜಾಗ ಜಗತ್ತಿನಲ್ಲಿ ಬಹಳ ಕಡಿಮೆ.

ಫೀಸ್ ಚಿಂತೆ ಇರುವವರು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಕೋರ್ಸುಗಳನ್ನು ತಪ್ಪದೆ ನೋಡಿ. ಒಂದೇ ಪದವಿಯನ್ನು ಎರಡು ಮೂರು ದೇಶಗಳಲ್ಲಿ ಓದಿಸುತ್ತಾರೆ. ಕೋಪರ್ನಿಕಸ್ ಮಾಸ್ಟರ್ ಇನ್ ಡಿಜಿಟಲ್ ಅರ್ಥ್ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಶುರುವಾಗುತ್ತದೆ. ಮಾಸ್ಟರ್ ಇನ್ ಜಿಯೋಸ್ಪೇಷಿಯಲ್ ಟೆಕ್ನಾಲಜೀಸ್ ಅನ್ನು ಜರ್ಮನಿಯ ಮ್ಯುನ್‌ಸ್ಟರ್, ಪೋರ್ಚುಗಲ್‌ನ ಲಿಸ್ಬನ್, ಸ್ಪೇನಿನ ಕಸ್ತೆಯೋನ್ ಸೇರಿ ನಡೆಸುತ್ತವೆ. ಎರಾಸ್ಮಸ್ ವಿದ್ಯಾರ್ಥಿವೇತನ ಸಿಕ್ಕರೆ ಫೀಸ್ ಇಲ್ಲ, ತಿಂಗಳಿಗೆ 1,400 ಯೂರೋ ಕೈಗೆ ಬರುತ್ತದೆ. ಪೈಪೋಟಿ ಜೋರು. ಯಾವ ಕೋರ್ಸಿಗೆ ಆ ವರ್ಷ ವಿದ್ಯಾರ್ಥಿವೇತನ ಇದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ, ಎಲ್ಲ ವರ್ಷವೂ ಇರುವುದಿಲ್ಲ.

ಜರ್ಮನಿಯ ಫೀಸ್ ಪ್ರಶ್ನೆಗೆ ಬರೋಣ. ಹಲವು ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇವತ್ತಿಗೂ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ನ ಸಣ್ಣ ಶುಲ್ಕ ಮಾತ್ರ. ಆದರೆ ನಮ್ಮವರು ಹೆಚ್ಚು ಕೇಳುವ ಎರಡು ಊರುಗಳಲ್ಲಿ ಶುಲ್ಕ ಇದೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಶುಲ್ಕ ಶುರು ಮಾಡಿದೆ. ಶುಲ್ಕ ಇಲ್ಲದ ಕಡೆಯೂ ವೀಸಾಗೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. ತಿಂಗಳು ತಿಂಗಳು ಇಷ್ಟೇ ತೆಗೆಯಬಹುದು ಅಂತ ಮಿತಿ ಇರುವ ಖಾತೆ ಅದು. 2024ರ ಸೆಪ್ಟೆಂಬರ್‌ನಿಂದ ಅದರ ಮೊತ್ತ 11,904 ಯೂರೋ. ಜೊತೆಗೆ ನಿಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯ. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಎಲ್ಲಕ್ಕಿಂತ ಮೊದಲು ಅದಕ್ಕೆ ಅರ್ಜಿ ಹಾಕಿ.

ನಮ್ಮ ಮೂರು ವರ್ಷದ ಬಿಎಸ್ಸಿಯನ್ನು ವಿದೇಶದ ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ. ಏಜೆಂಟರ ಮಾತು ನಂಬಿ ಹಣ ಕಟ್ಟುವ ಮೊದಲು ವಿಭಾಗಕ್ಕೆ ನೀವೇ ಇಮೇಲ್ ಮಾಡಿ ಕೇಳಿ. ಅವರು ಉತ್ತರ ಕೊಡುತ್ತಾರೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಕೂಡ ಇದೆ. ಸಮಾಜ ಕಲ್ಯಾಣ ಇಲಾಖೆಯಲ್ಲಿ ಆ ವರ್ಷದ ನಿಯಮ ವಿಚಾರಿಸಿ.

ಹಂತ 7: ಉದ್ದೇಶ ಪತ್ರ

ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅಂದರೆ ಯಾಕೆ ಈ ಓದು ಬೇಕು ಅಂತ ನೀವು ಬರೆಯುವ ಒಂದೆರಡು ಪುಟ. 'ಚಿಕ್ಕಂದಿನಿಂದಲೂ ನಕ್ಷೆಗಳೆಂದರೆ ಇಷ್ಟ' ಅನ್ನುವ ಸಾಲಿನಿಂದ ಶುರು ಮಾಡಬೇಡಿ. ಆ ಸಾಲನ್ನು ಅವರು ಬೇಕಾದಷ್ಟು ಸಲ ಓದಿರುತ್ತಾರೆ. ನಿಮ್ಮ ಕೆರೆಗಳ ನಕ್ಷೆ ಇದೆಯಲ್ಲ, ಅದನ್ನೇ ಬರೆಯಿರಿ. ಯಾವ ಪ್ರಶ್ನೆ ಕೇಳಿದಿರಿ, ಯಾವ ಚಿತ್ರ ಬಳಸಿದಿರಿ, ಸ್ಥಳಕ್ಕೆ ಹೋದಾಗ ಎಲ್ಲಿ ತಪ್ಪು ಕಂಡಿತು, ಆ ತಪ್ಪು ಸರಿಪಡಿಸಲು ಇನ್ನೂ ಏನು ಕಲಿಯಬೇಕು. ಆ ಕೊನೆಯ ಭಾಗವೇ ನೀವು ಯಾಕೆ ಅರ್ಜಿ ಹಾಕುತ್ತಿದ್ದೀರಿ ಅನ್ನುವುದಕ್ಕೆ ಉತ್ತರ. ನಕ್ಷೆ ಮತ್ತು ಕೋಡನ್ನು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಇಟ್ಟು ಕೊಂಡಿ ಕೊಡಿ.

ಹಂತ 8: ಸೇರಿದ ಮೇಲೆ ಇವುಗಳನ್ನು ಮೊದಲ ವರ್ಷದಲ್ಲೇ ಸರಿಮಾಡಿಕೊಳ್ಳಿ

ಕ್ಲಾಸಿನಲ್ಲಿ ಸೂತ್ರ ಹೇಳಿಕೊಡುತ್ತಾರೆ. ಆದರೆ ಥೀಸಿಸ್ ಹಾಳಾಗುವುದು ಬಹುತೇಕ ಸಲ ಸೂತ್ರದಿಂದಲ್ಲ, ಈ ಕೆಳಗಿನ ವಿಷಯಗಳಿಂದ.

ಮೊದಲನೆಯದು ನಿರ್ದೇಶಾಂಕ ವ್ಯವಸ್ಥೆ. ದುಂಡಗಿನ ಭೂಮಿಯ ಮೇಲಿನ ಜಾಗವನ್ನು ಸಂಖ್ಯೆಯಲ್ಲಿ ಬರೆಯುವ ಪದ್ಧತಿ ಅದು. ಅಕ್ಷಾಂಶ ರೇಖಾಂಶದಲ್ಲಿ ಇರುವ ಪದರದ ವಿಸ್ತೀರ್ಣವನ್ನು ಪೈಥಾನ್‌ನ ಜಿಯೋಪಾಂಡಾಸ್‌ನಲ್ಲಿ ಹಾಗೇ ಕೇಳಿದರೆ ಉತ್ತರ ಚದರ ಡಿಗ್ರಿಯಲ್ಲಿ ಬರುತ್ತದೆ. ಅದಕ್ಕೆ ಅರ್ಥವಿಲ್ಲ. ಮೊದಲು ಮೀಟರ್‌ನಲ್ಲಿ ಅಳೆಯುವ ಯುಟಿಎಂಗೆ ಬದಲಿಸಬೇಕು. ಯುಟಿಎಂ ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಕತ್ತರಿಸುತ್ತದೆ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದ ತನಕ 43ನೇ ವಲಯ, ಕರ್ನಾಟಕದ ಹೆಚ್ಚಿನ ಭಾಗ ಅದರಲ್ಲೇ ಬರುತ್ತದೆ. ಆದರೆ 78ರ ಗೆರೆ ಕೋಲಾರ ಜಿಲ್ಲೆಯೊಳಗೆ ಹಾದುಹೋಗುತ್ತದೆ. ಮಾಲೂರು ಪಟ್ಟಣ 43ರಲ್ಲಿ, ಕೋಲಾರ ಪಟ್ಟಣ ಮತ್ತು ಮುಳಬಾಗಿಲು 44ರಲ್ಲಿ. ಆ ಜಿಲ್ಲೆಯ ಕೆರೆಗಳ ಮೇಲೆ ಕೆಲಸ ಮಾಡುವವರು ಯಾವುದಾದರೂ ಒಂದು ವಲಯ ಆರಿಸಿ ಎಲ್ಲ ಪದರಗಳನ್ನೂ ಅದಕ್ಕೇ ತರಬೇಕು. ಇನ್ನು ಹಳೆಯ ಟೋಪೋಶೀಟ್‌ಗಳು, ಅಂದರೆ ಸರ್ವೆ ಆಫ್ ಇಂಡಿಯಾದ ಹಳೆಯ ಭೂಪಟಗಳು, ಭೂಮಿಯ ಆಕಾರಕ್ಕೆ ಎವರೆಸ್ಟ್ ಅನ್ನುವ ಹಳೆಯ ಮಾದರಿಯನ್ನು ಆಧರಿಸಿವೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್84 ಅನ್ನುವ ಬೇರೆ ಮಾದರಿ. ಪರಿವರ್ತನೆ ಮಾಡದೆ ಮೇಲಿಟ್ಟರೆ ರಸ್ತೆ ಒಂದು ಕಡೆ, ಊರು ಒಂದು ಕಡೆ ಆಗುತ್ತದೆ.

ಎರಡನೆಯದು ಹೆಸರುಗಳು. ಹಳ್ಳಿಯ ಹೆಸರಿನಿಂದ ಎರಡು ಪಟ್ಟಿಗಳನ್ನು ಜೋಡಿಸಲು ಹೋಗಬೇಡಿ. ಹೊಸಹಳ್ಳಿಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದು ಇಲಾಖೆ ಒಂದೊಂದು ಥರ ಬರೆದಿರುತ್ತದೆ. ಜನಗಣತಿಯ ಹಳ್ಳಿ ಸಂಕೇತ ಅಥವಾ ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ (ಎಲ್‌ಜಿಡಿ) ಸಂಕೇತದಿಂದ ಜೋಡಿಸಿ. 2011ರ ಜನಗಣತಿಯಲ್ಲಿ ರಾಜ್ಯಕ್ಕೆ 30 ಜಿಲ್ಲೆ. 2014ರಲ್ಲಿ ಗುಲ್ಬರ್ಗ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಹಳೆಯ ಗಡಿಯ ಅಂಕಿಯನ್ನು ಹೊಸ ಗಡಿಯ ಅಂಕಿಯ ಜೊತೆ ಸುಮ್ನೆ ಹೋಲಿಸಿದರೆ ಬಳ್ಳಾರಿಯ ಜನಸಂಖ್ಯೆ ಕುಸಿದಂತೆ ಕಾಣುತ್ತದೆ.

ಕನ್ನಡದಲ್ಲಿ ಮಾಹಿತಿ ತುಂಬುವವರಿಗೆ ಮೂರನೆಯದು. ಶೇಪ್‌ಫೈಲ್ ಅಂದರೆ ನಕ್ಷೆಯ ಪದರವನ್ನು ಉಳಿಸಿಡುವ ಹಳೆಯ ಕಡತ ನಮೂನೆ. ಕಾಲಂ ಹೆಸರು ಹತ್ತು ಅಕ್ಷರ ಮೀರುವಂತಿಲ್ಲ, ಕನ್ನಡ ಬರೆದರೆ ಎಷ್ಟೋ ಸಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ತೆರೆಯುತ್ತದೆ. ಜಿಯೋಪ್ಯಾಕೇಜ್ ನಮೂನೆಯಲ್ಲಿ ಉಳಿಸಿ, ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಶೇಪ್‌ಫೈಲನ್ನೇ ಯಾರಿಗಾದರೂ ಕಳಿಸಬೇಕಾದರೆ ಅದೇ ಹೆಸರಿನ ಎಲ್ಲ ಕಡತಗಳನ್ನೂ ಜಿಪ್ ಮಾಡಿ ಕಳಿಸಿ. ಒಂದೇ ಕಡತ ಕಳಿಸಿದರೆ ಅದು ತೆರೆಯುವುದಿಲ್ಲ.

ನಾಲ್ಕನೆಯದು ವರ್ಗೀಕರಣ. ಇದು ಕಾಡು, ಇದು ಹೊಲ, ಇದು ಊರು ಅಂತ ಪಿಕ್ಸೆಲ್‌ಗಳನ್ನು ಗುಂಪು ಮಾಡುವುದು. ಕೊಡಗು, ಚಿಕ್ಕಮಗಳೂರಿನಲ್ಲಿ ಮರದ ನೆರಳಿನ ಕಾಫಿ ತೋಟ ಉಪಗ್ರಹಕ್ಕೆ ಕಾಡಿನ ಹಾಗೇ ಕಾಣುತ್ತದೆ. ಒಂದೇ ದಿನದ ಚಿತ್ರದಿಂದ ಇವೆರಡನ್ನು ಬೇರೆ ಮಾಡುವುದು ಕಷ್ಟ. ಇಡೀ ವರ್ಷದ ಚಿತ್ರಗಳನ್ನು ಸಾಲಾಗಿ ನೋಡಬೇಕು, ರೇಡಾರ್ ಚಿತ್ರ ಸೇರಿಸಬೇಕು, ತೋಟಕ್ಕೆ ಹೋಗಿ ಬಿಂದುಗಳನ್ನು ಗುರುತಿಸಬೇಕು. ಅಷ್ಟು ಮಾಡಿದರೂ ಸ್ವಲ್ಪ ಗೊಂದಲ ಉಳಿಯುತ್ತದೆ. ಅದನ್ನು ಥೀಸಿಸ್‌ನಲ್ಲಿ ಮುಚ್ಚಿಡದೆ ಬರೆಯಿರಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಮೇಲೆಲ್ಲ ಮೋಡ. ಅಂಥ ಹೊತ್ತಿನಲ್ಲಿ ಬೆಳಕಿನಿಂದ ನೋಡುವ ಉಪಗ್ರಹ ಉಪಯೋಗಕ್ಕೆ ಬರುವುದಿಲ್ಲ. ಮೋಡ ತೂರಿ ನೋಡುವ ರೇಡಾರ್ ಬೇಕು, ಸೆಂಟಿನೆಲ್-1 ಅಂಥದ್ದು. ಪಶ್ಚಿಮ ಘಟ್ಟದಲ್ಲಿ ಮಳೆಗಾಲದ ಕೆಲಸ ಮಾಡಬೇಕೆಂದಿರುವವರು ರೇಡಾರ್ ಓದುವುದನ್ನು ಮೊದಲ ವರ್ಷದಲ್ಲೇ ಕಲಿಯಿರಿ.

ಐದನೆಯದರ ಬಗ್ಗೆ ನನಗೆ ಬಹಳ ಕಳವಳ ಇದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಷೀನ್ ಲರ್ನಿಂಗ್, ಅಂದರೆ ಉದಾಹರಣೆಗಳಿಂದ ಕಂಪ್ಯೂಟರ್‌ಗೆ ಕಲಿಸುವ ವಿಧಾನ, ಬಳಸಿ ಶೇಕಡಾ 97 ನಿಖರತೆ ಬಂತು ಅಂತ ಬರೆದ ಥೀಸಿಸ್‌ಗಳು ಬೇಕಾದಷ್ಟು. ಬಹಳ ಕಡೆ ಮಾಡುವುದು ಇಷ್ಟು: ಗುರುತು ಮಾಡಿದ ಪಿಕ್ಸೆಲ್‌ಗಳನ್ನು ಕಲಸಿ, 70ರಷ್ಟನ್ನು ಕಲಿಸಲು, 30ರಷ್ಟನ್ನು ಪರೀಕ್ಷಿಸಲು ಇಟ್ಟುಕೊಳ್ಳುತ್ತಾರೆ. ಆದರೆ ನೆಲದ ಮೇಲೆ ಹತ್ತಿರದ ಜಾಗಗಳು ಒಂದೇ ಥರ ಇರುತ್ತವೆ. ಭೂಗೋಳ ತಜ್ಞ ವಾಲ್ಡೋ ಟೋಬ್ಲರ್ 1970ರಲ್ಲಿ ಇದನ್ನೇ ಭೂಗೋಳದ ಮೊದಲ ನಿಯಮ ಅಂತ ಕರೆದರು. ಒಂದೇ ರಾಗಿ ಹೊಲದ ಒಂದು ಪಿಕ್ಸೆಲ್ ಕಲಿಸಲು ಹೋಗಿ, ಪಕ್ಕದ ಪಿಕ್ಸೆಲ್ ಪರೀಕ್ಷೆಗೆ ಬಂದರೆ ಕಂಪ್ಯೂಟರ್‌ಗೆ ಉತ್ತರ ಮೊದಲೇ ಗೊತ್ತಿದ್ದ ಹಾಗಾಯಿತು. ಸರಿಯಾದ ದಾರಿ ಅಂದರೆ ಪ್ರದೇಶವನ್ನು ದೊಡ್ಡ ತುಂಡುಗಳಾಗಿ ಮಾಡಿ, ಕೆಲವು ತುಂಡುಗಳನ್ನು ಪೂರ್ತಿ ಪರೀಕ್ಷೆಗೇ ಬಿಡುವುದು. ಇದಕ್ಕೆ ಸ್ಪೇಷಿಯಲ್ ಕ್ರಾಸ್ ವ್ಯಾಲಿಡೇಷನ್ ಅನ್ನುತ್ತಾರೆ. 97 ಇದ್ದದ್ದು 80ಕ್ಕೆ ಇಳಿಯಬಹುದು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ನಕ್ಷೆ ನೋಡಿ ಬೆಳೆ ಪರಿಹಾರ ನಿರ್ಧರಿಸುವ ದಿನ ಬಂದರೆ ರೈತನ ಕೆಲಸಕ್ಕೆ ಬರುವುದು ಆ 80ರ ಲೆಕ್ಕವೇ.

ಇನ್ನೊಂದು ಸಣ್ಣದು, ಆದರೆ ದೊಡ್ಡ ತೊಂದರೆ ತರುವಂಥದ್ದು. ಇಡೀ ಭಾರತದ ನಕ್ಷೆ ಹಾಕುವಾಗ ಗಡಿಯನ್ನು ಸರ್ವೆ ಆಫ್ ಇಂಡಿಯಾದಿಂದಲೇ ತೆಗೆದುಕೊಳ್ಳಿ. ವಿದೇಶಿ ತಾಣಗಳ ಉಚಿತ ಪದರಗಳಲ್ಲಿ ಜಮ್ಮು ಕಾಶ್ಮೀರ, ಅರುಣಾಚಲದ ಗಡಿ ಬೇರೆ ಥರ ಇರುತ್ತದೆ. ಅದನ್ನು ಪ್ರಕಟಿಸುವುದು ನಮ್ಮ ಕಾನೂನಿನಲ್ಲಿ ಅಪರಾಧ.

ಹಂತ 9: ಕೆಲಸ

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಹಿತಿಯ ಮೇಲಿದ್ದ ಎಷ್ಟೋ ಅನುಮತಿಗಳನ್ನು ತೆಗೆದುಹಾಕಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿ ಬಂತು. ಬೆಂಗಳೂರಿನಲ್ಲೇ ಪಿಕ್ಸೆಲ್, ಸ್ಯಾಟ್‌ಶೂರ್, ಕ್ರಾಪಿನ್‌ನಂಥ ಕಂಪನಿಗಳಿವೆ. ಸರ್ಕಾರದ ಕಡೆ ಎನ್‌ಆರ್‌ಎಸ್‌ಸಿ, ದೂರ ಸಂವೇದಿ ಕೇಂದ್ರ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಗಳಿವೆ. ಇವುಗಳಲ್ಲಿ ಹೊಸಬರಿಗೆ ಮೊದಲು ಸಿಗುವುದು ಹೆಚ್ಚಾಗಿ ಗುತ್ತಿಗೆಯ ಪ್ರಾಜೆಕ್ಟ್ ಹುದ್ದೆ. ಕಾಯಂ ನೇಮಕಾತಿ ಅಪರೂಪ, ಅದನ್ನೊಂದನ್ನೇ ನಂಬಿ ಕೂರಬೇಡಿ.

ಕೆಲಸದ ಜಾಹೀರಾತು ನೋಡುವಾಗ 'ಜಿಐಎಸ್ ಎಕ್ಸಿಕ್ಯೂಟಿವ್' ಮತ್ತು 'ಜಿಯೋಸ್ಪೇಷಿಯಲ್ ಡೇಟಾ ಅನಲಿಸ್ಟ್' ಬೇರೆ ಬೇರೆ ಅಂತ ತಿಳಿದಿರಲಿ. ಮೊದಲನೆಯದರಲ್ಲಿ ಬಹುಪಾಲು ಚಿತ್ರದ ಮೇಲೆ ರಸ್ತೆ, ಕಟ್ಟಡಗಳ ಗೆರೆ ಎಳೆಯುವ ಕೆಲಸ, ಸಂಬಳ ಕಡಿಮೆ. ಒಂದು ವರ್ಷ ಮಾಡಿದರೆ ತೊಂದರೆ ಇಲ್ಲ, ಕೈ ಪಳಗುತ್ತದೆ. ಎರಡನೆಯದಕ್ಕೆ ಪೈಥಾನ್, ಪೋಸ್ಟ್‌ಜಿಐಎಸ್, ಅಂಕಿಅಂಶ ಕೇಳುತ್ತಾರೆ. ಪೋಸ್ಟ್‌ಜಿಐಎಸ್ ಅಂದರೆ ನಕ್ಷೆಯ ಮಾಹಿತಿಯನ್ನು ಡೇಟಾಬೇಸ್‌ನಲ್ಲಿ ಇಟ್ಟು ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನೆ ಕೇಳುವ ಉಚಿತ ಸಾಧನ. ಕಾಲೇಜಿನಲ್ಲಿ ಕಲಿಸದಿದ್ದರೆ ನೀವೇ ಕಲಿಯಿರಿ, ಎರಡು ಮೂರು ವಾರದ ಕೆಲಸ.

ಸಂದರ್ಶನಕ್ಕೆ ಹೋಗುವಾಗ ಎರಡು ಪ್ರಾಜೆಕ್ಟ್ ತೋರಿಸಲು ಸಿದ್ಧ ಇರಲಿ. ಒಂದು ನಿಮ್ಮ ಥೀಸಿಸ್. ಇನ್ನೊಂದು ಬೇರೆ ವಿಷಯದ್ದು, ಚಿಕ್ಕದಾದರೂ ಪರವಾಗಿಲ್ಲ. ಪ್ರತಿಯೊಂದರ ಜೊತೆ ಯಾವ ಚಿತ್ರ, ಯಾವ ದಿನಾಂಕ, ಯಾವ ನಿರ್ದೇಶಾಂಕ ವ್ಯವಸ್ಥೆ, ನಿಖರತೆ ಹೇಗೆ ಅಳೆದಿರಿ ಅಂತ ಅರ್ಧ ಪುಟ ಬರೆದಿಡಿ. ಕೋಡ್ ಬೇರೆಯವರ ಕಂಪ್ಯೂಟರ್‌ನಲ್ಲೂ ಓಡುತ್ತದೆಯಾ ಅಂತ ಒಬ್ಬ ಸ್ನೇಹಿತರ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದ ಮೇಲೆಯೇ ಕೊಂಡಿ ಕಳಿಸಿ.